ಕಾರಣ ಕೇಳಿ ಬಂದ ಲೈನ್‌ಮನ್ ಮುತ್ತಯ್ಯ

ರಾಮಾಪುರದ ಬಸ್ ಸ್ಟಾಪಿನ ಎದುರು ನನ್ನದೊಂದು ಔಷಧಿ ಅಂಗಡಿ ಇದೆ. ಇಪ್ಪತ್ತೊಂದು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಸೊಸೆ ಗರ್ಭಿಣಿ, ಯಾರು ನಿದ್ದೆ ಬಾರದೆ ಒದ್ದಾಡುತ್ತಾರೆ, ಎಲ್ಲ ಗೊತ್ತು. ಯಾವುದನ್ನೂ ಇನ್ನೊಬ್ಬರ ಕಿವಿಗೆ ಹಾಕಿದವನಲ್ಲ. ಮುತ್ತಯ್ಯನ ವಿಷಯ ಬರೆಯುತ್ತಿರುವುದು ಅವನೇ ಹೇಳಿದ್ದರಿಂದ. "ಬರಿ ಶಿವಶಂಕ್ರ, ಎಸ್ರು ಮಾತ್ರ ಮುಚ್ಬ್ಯಾಡ. ಮುಚ್ಚಿದ್ದರಿಂದ್ಲೇ ಇಷ್ಟೆಲ್ಲ ಆದುದ್ದು" ಅಂದ.

ಮುತ್ತಯ್ಯ ಮೂವತ್ತಮೂರು ವರ್ಷ ನಮ್ಮ ಸುತ್ತಿನ ಹಳ್ಳಿಗಳಿಗೆ ಲೈನ್‌ಮನ್ ಆಗಿದ್ದವನು. ಅವನಿಗೊಂದು ಅಭ್ಯಾಸವಿತ್ತು. ಕೆಟ್ಟ ಲೈನು ಸರಿಮಾಡಿ ಕಂಬದಿಂದ ಇಳಿದ ಮೇಲೆ ಹತ್ತಿರದ ಮನೆಯವರನ್ನು ಕರೆದು ಕರೆಂಟು ಯಾಕೆ ಹೋಗಿತ್ತು ಎಂದು ಹೇಳಿಯೇ ಹೋಗುತ್ತಿದ್ದ. ಹುಣಸೆ ಕೊಂಬೆ ತಾಗಿತ್ತು, ಅಳಿಲು ಟ್ರಾನ್ಸ್‌ಫಾರ್ಮರಿಗೆ ನುಗ್ಗಿ ಸತ್ತಿತ್ತು, ಕಾಡಂಚಿನಲ್ಲಿ ಆನೆ ಕಂಬಕ್ಕೆ ಮೈ ಉಜ್ಜಿತ್ತು. "ಕರೆಂಟ್ ಬಂತಲ್ಲ, ಸಾಕು ಬುಡಣ್ಣ" ಎಂದು ಜನ ನಗುತ್ತಿದ್ದರು. ಅವನು ಬಿಡುತ್ತಿರಲಿಲ್ಲ. "ಬಂದುದ್ದೇನೋ ಸರಿ. ಯಾಕೋಗಿತ್ತು ಅಂತ ತಿಳ್ಕಳ್ದಿದ್ರೆ ನಾಳೆ ಅಲ್ಲೇ ಓಯ್ತದೆ" ಅನ್ನುತ್ತಿದ್ದ.

2019ರಲ್ಲಿ, ನಿವೃತ್ತಿಗೆ ಇನ್ನೂ ಕೆಲವು ತಿಂಗಳಿರುವಾಗ, ಒಂದು ಮಧ್ಯಾಹ್ನ ಅವನ ಹೆಂಡತಿ ಚಿಕ್ಕಬಸಮ್ಮ ಅಂಗಡಿಗೆ ಬಂದಳು. ಬೇರೆ ಗಿರಾಕಿಗಳು ಹೋಗುವವರೆಗೂ ಕಾದಳು.

"ಅಣ್ಣ, ಅವ್ರು ಯೋಳಕಿಲ್ಲ, ನಾನೇ ಯೋಳ್ತೀನಿ. ಗಳಿಗೆಗೊಂದ್ಸಲ ಉಚ್ಚೆಗೆ ಎದ್ದೋಯ್ತಾರೆ. ಓದ್ರೂ ಸರ್ಯಾಗಿ ಬರಕಿಲ್ಲ. ಮೊನ್ನೆ ಒಂದು ಕಂಬ ಅತ್ತಿ ಮುಗ್ಸೋದ್ರೊಳಗೆ ನಾಕು ಸಲ ಇಳುದ್ರಂತೆ. ಜೊತೆಗಾರ್ರು ಆಡ್ಕಂಡು ನಕ್ರಂತೆ."

ಮುತ್ತಯ್ಯನನ್ನು ಒಪ್ಪಿಸಿ ಕೊಳ್ಳೇಗಾಲಕ್ಕೆ ಕಳುಹಿಸಲು ನನಗೆ ಹದಿನೈದು ದಿನ ಹಿಡಿಯಿತು. ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಹದಿನೆಂಟು ಬಂತು. ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ವಸ್ತು ಅದು. ಅವನ ವಯಸ್ಸಿಗೆ ನಾಲ್ಕರ ಒಳಗಿದ್ದರೆ ನೆಮ್ಮದಿ. ಮೈಸೂರಿನ ಆಸ್ಪತ್ರೆಯಲ್ಲಿ ಗ್ರಂಥಿಯ ಚೂರು ತೆಗೆದು ನೋಡಿದರು. ಕ್ಯಾನ್ಸರ್. ಗ್ರಂಥಿಯನ್ನು ದಾಟಿ ಹೊರಗೆ ಹರಡಿರಲಿಲ್ಲ, ಅದೊಂದು ಪುಣ್ಯ.

ಅಲ್ಲಿ ವಿಕಿರಣ ಚಿಕಿತ್ಸೆಯ ವೈದ್ಯರು ಡಾಕ್ಟರ್ ಪ್ರಭುಸ್ವಾಮಿ. ಒಳಗೆ ಅವರೊಂದಿಗೆ ಏನು ಮಾತಾಯಿತೋ ಮುತ್ತಯ್ಯನಿಗೆ ಮಾತ್ರ ಗೊತ್ತು. ಹೆಂಡತಿಯನ್ನು ಹೊರಗೇ ಕೂರಿಸಿದ್ದ. ಊರಿಗೆ ಬಂದು ನನಗೆ ಹೇಳಿದ್ದು ಇಷ್ಟು: "ಮೂವತ್ತೆಂಟು ದಿನ ಕರೆಂಟ್ ಕೊಡ್ತಾರಂತೆ. ಇಷ್ಟು ವರ್ಸ ನಾನು ಊರಿಗೆಲ್ಲ ಕೊಟ್ಟೆ, ಈಗ ಅವ್ರು ನಂಗೆ ಕೊಡ್ಲಿ." ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಕೊಡುವುದು ಎಂದೇ ಹೆಸರು.

"ಜೊತೆಗೆ ಇಂಜೆಕ್ಷನ್ ಏನಾದ್ರೂ ಹೇಳಿದ್ರಾ?" ಎಂದು ಕೇಳಿದೆ. ಇಂಥ ರೋಗಿಗಳಿಗೆ ಕೆಲವು ತಿಂಗಳು ಗಂಡಸರ ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ ಕೊಡುವುದನ್ನು ಕೇಳಿ ಬಲ್ಲೆ.

"ನಂಗೆ ಬ್ಯಾಡ ಅಂದ್ರು" ಅಂದ.

ರಾಮಾಪುರದಿಂದ ದಿನಾ ಮೈಸೂರಿಗೆ ಹೋಗಿಬರುವುದು ಆಗದ ಮಾತು. ಕೊಳ್ಳೇಗಾಲದಲ್ಲಿ ತಂಗಿ ಸುವರ್ಣಮ್ಮನ ಮನೆಯಲ್ಲಿ ಉಳಿದುಕೊಂಡ. ಮುಂಭಾಗದ ಕೋಣೆಯಲ್ಲಿ ರೇಷ್ಮೆ ಮಗ್ಗ, ಅದರ ಪಕ್ಕದಲ್ಲೇ ಅವನ ಚಾಪೆ. ಬೆಳಗಿನ ಆರೂವರೆ ಬಸ್ಸು. ಯಂತ್ರದ ಕೆಳಗೆ ಮಲಗುವಾಗ ಮೂತ್ರಕೋಶ ತುಂಬಿರಬೇಕೆಂಬುದು ನಿಯಮ. ಆಗ ಕರುಳು ದೂರ ಸರಿದು ಕಿರಣಗಳಿಂದ ಪಾರಾಗುತ್ತದೆ. ಒಂದು ಚೊಂಬು ನೀರು ಕುಡಿದು, ಆ ಕಾಯಿಲೆಯನ್ನೇ ಇಟ್ಟುಕೊಂಡು, ಸರದಿ ಬರುವವರೆಗೆ ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂರುತ್ತಿದ್ದ. ಎರಡು ಸಲ ಪ್ಯಾಂಟು ಒದ್ದೆಯಾಯಿತಂತೆ. ಮೂರನೆಯ ದಿನದಿಂದ ಚೀಲದಲ್ಲಿ ಇನ್ನೊಂದು ಪ್ಯಾಂಟು ಇಟ್ಟುಕೊಂಡ. ಒಂದು ದಿನವೂ ತಪ್ಪಿಸಲಿಲ್ಲ.

ಪಿ.ಎಸ್.ಎ. ಸೊನ್ನೆ ಪಾಯಿಂಟ್ ಏಳಕ್ಕೆ ಇಳಿಯಿತು. ಮೂರು ವರ್ಷ ಚೆನ್ನಾಗಿಯೇ ಇದ್ದ. ನಿವೃತ್ತನಾಗಿ ತನ್ನ ಎರಡು ಎಕರೆಯಲ್ಲಿ ರಾಗಿ, ಅವರೆ ಹಾಕಿದ. 2022ರ ಕೊನೆಗೆ ಅದೇ ಸಂಖ್ಯೆ ಒಂದೂವರೆ ಆಯಿತು, ಆಮೇಲೆ ಮೂರು ಪಾಯಿಂಟ್ ಒಂದು. ಆ ಕಾಗದವನ್ನು ನನ್ನ ಕೌಂಟರಿನ ಮೇಲೆ ಹರಡಿ ಅವನು ಕೇಳಿದ್ದು ಒಂದೇ ಮಾತು: "ಸತ್ತಿಲ್ವಾ ಅದು?"

ಮತ್ತೆ ಚೂರು ತೆಗೆದರು. ವಿಕಿರಣ ಬಿದ್ದ ಜಾಗದಲ್ಲೇ ಕ್ಯಾನ್ಸರ್ ಜೀವಂತವಾಗಿತ್ತು. ಇನ್ನು ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್ ಶುರುಮಾಡಲೇಬೇಕು ಅಂದರು ಪ್ರಭುಸ್ವಾಮಿ. ಆಯ್ತು ಎಂದು ತೋಳು ಚಾಚಿದ. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

"ಮೂವತ್ತೆಂಟು ದಿನ ಸುಟ್ರಲ್ಲ ಸಾ. ಯಾಕ್ ಸಾಯ್ಲಿಲ್ಲ ಅದು?"

ಡಾಕ್ಟರು, ಇದೇ ಪ್ರಶ್ನೆ ಇಟ್ಟುಕೊಂಡು ಇಲ್ಲೇ ಮೈಸೂರಿನಲ್ಲಿ ಒಂದು ಸಂಶೋಧನೆ ನಡೆಯುತ್ತಿದೆ ಎಂದು ಹೇಳಿದರು. ವಿಕಿರಣಕ್ಕೂ ಬಗ್ಗದೆ ಉಳಿದ ಗಡ್ಡೆಗಳ ಚೂರು ಅವರಿಗೆ ಬೇಕು. ಎರಡು ಸಲವೂ ತೆಗೆದ ಚೂರಿನಲ್ಲಿ ಉಳಿದಿದ್ದನ್ನು ಕೊಡಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಲಾಭವೇನೂ ಇಲ್ಲ, ಬೇಡ ಅಂದರೆ ಬೇಡ ಅಂದರು. ಚಿಕ್ಕಬಸಮ್ಮ ಬೇಡವೆಂದಳು; ತನ್ನ ಗಂಡನ ಮೈಯ ಚೂರು ಯಾರದೋ ಸೀಸೆಯಲ್ಲಿರುವುದು ಅವಳಿಗೆ ಸರಿಬರಲಿಲ್ಲ. ಮುತ್ತಯ್ಯ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದ. ಫಲಿತಾಂಶವನ್ನು ವ್ಯಕ್ತಿಗತವಾಗಿ ತಿಳಿಸಲಾಗುವುದಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸಹಿ ಹಾಕಿ ಅದರ ಪಕ್ಕದಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಬರೆದ: 'ಏನು ಕಂಡಿತು ಎಂದು ನನಗೆ ತಿಳಿಸಬೇಕು. ಮುತ್ತಯ್ಯ, ನಿವೃತ್ತ ಲೈನ್‌ಮನ್, ರಾಮಾಪುರ.'

ಯಾರೂ ತಿಳಿಸಲಿಲ್ಲ. ಮೂರು ತಿಂಗಳ ನಂತರ ಇಂಜೆಕ್ಷನ್ನಿಗೆ ಹೋದಾಗ ಕೇಳಿದ. ಕಿಟಕಿಯಲ್ಲಿದ್ದವರಿಗೆ ಅವನು ಏನು ಕೇಳುತ್ತಿದ್ದಾನೆಂದೇ ಅರ್ಥವಾಗಲಿಲ್ಲ. ಇನ್ನೂ ಮೂರು ತಿಂಗಳಾದ ಮೇಲೆ ಕೇಳಿದ. ಅಲ್ಲಿ ಹೆಸರು ಇರುವುದಿಲ್ಲ, ಬರೀ ನಂಬರು ಇರುತ್ತದೆ ಅಂದರು. "ಆ ನಂಬ್ರ ನಂದೇ ಅಲ್ವ್ರಾ?" ಎಂದು ವಾದ ಹೂಡಿದ. ಊರಲ್ಲಿ ನಾನೂ ಹೇಳಿದೆ, ಬಿಡಯ್ಯ, ಇಂಜೆಕ್ಷನ್ ಕೆಲಸ ಮಾಡುತ್ತಿದೆಯಲ್ಲ, ಸಂಖ್ಯೆ ಇಳಿದಿದೆಯಲ್ಲ ಎಂದು. ಅವನು ಬಿಡಲಿಲ್ಲ. ಐದನೆಯ ಸಲ ಹೋದಾಗ ಪ್ರಭುಸ್ವಾಮಿಯವರೇ ಕಡತ ತೆಗೆಸಿ ಆ ಕೈಬರಹ ನೋಡಿದರು. ತಾನಿದನ್ನು ಆವತ್ತೇ ಗಮನಿಸಬೇಕಿತ್ತು ಎಂದು ಅವನೆದುರಿಗೇ ಒಪ್ಪಿಕೊಂಡು ಪ್ರಯೋಗಾಲಯಕ್ಕೆ ಫೋನು ಮಾಡಿದರು.

ಮುಂದಿನ ಬುಧವಾರ ಬನ್ನಿ ಅಂದರಂತೆ. "ನೀನೂ ಬಾ ಶಿವಶಂಕ್ರ, ನಂಗೆ ಇಂಗ್ಲೀಸ್ ಬರಕಿಲ್ಲ" ಅಂದ. ಅಂಗಡಿ ಮುಚ್ಚಿ ಹೊರಟೆ.

ಪ್ರಯೋಗಾಲಯದಲ್ಲಿ ನಮ್ಮನ್ನು ಎದುರುಗೊಂಡವಳು ಸಿಂಧು ಎಂಬ ಹುಡುಗಿ. ಮೂವತ್ತರ ಒಳಗಿನ ವಯಸ್ಸು, ಆ ಸಂಶೋಧನೆಯ ಅರ್ಧ ಭಾರ ಅವಳದೇ. ಮುತ್ತಯ್ಯನನ್ನು ಕಂಡು ಗಲಿಬಿಲಿಗೊಂಡಳು. ನಾಲ್ಕು ವರ್ಷದಿಂದ ಚೂರುಗಳನ್ನೇ ನೋಡುತ್ತಿದ್ದೇನೆ, ಚೂರು ಕೊಟ್ಟವರನ್ನು ನೋಡುತ್ತಿರುವುದು ಇದೇ ಮೊದಲು ಎಂದಳು. ಊರು ಕೇಳಿದಳು. ರಾಮಾಪುರ ಎಂದ ಕೂಡಲೇ ಅವಳ ಮಾತೇ ಬದಲಾಯಿತು.

"ನಾನು ಯಳಂದೂರ್ ಕಡೆಯವ್ಳು ಸಾ, ಮಾಂಬಳ್ಳಿ. ಕೂತ್ಕಳಿ. ಇದು ಆಸ್ಪತ್ರೆ ರಿಪೋರ್ಟ್ ಅಲ್ಲ, ಇದನ್ನ ನೋಡಿ ಔಷಧಿ ಬದಲಾಯ್ಸಕ್ಕಾಗಲ್ಲ. ನಾವು ಏನು ಕಂಡ್ವೋ ಅದನ್ನ ಯೋಳ್ತೀನಿ. ನಮ್ಮ ಲ್ಯಾಬಿನ ಸರ್ ಒಪ್ಪಿಗೆ ಕೊಟ್ಟವ್ರೆ."

ಕಂಪ್ಯೂಟರಿನ ಪರದೆಯ ಮೇಲೆ ನೀಲಿ ಉಂಡೆಗಳು ಕಂಡವು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳವು. ವಿಕಿರಣ ಕೊಟ್ಟ ಅರ್ಧ ಗಂಟೆಗೆ ತೆಗೆದ ಚಿತ್ರದಲ್ಲಿ ಪ್ರತಿ ಉಂಡೆಯ ಒಳಗೂ ಹಸಿರು ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಒಂದೊಂದು ಚುಕ್ಕೆಯೂ ಡಿಎನ್‌ಎ ಎಂಬ ಎಳೆ ತುಂಡಾದ ಜಾಗ ಎಂದಳು ಸಿಂಧು. ವಿಕಿರಣ ಮಾಡುವುದು ಅದನ್ನೇ: ಎಳೆಯನ್ನು ಕತ್ತರಿಸುವುದು. ತುಂಡು ಕೂಡದಿದ್ದರೆ ಜೀವಕೋಶ ಸಾಯುತ್ತದೆ. ಮರುದಿನದ ಚಿತ್ರ ಹಾಕಿದಳು. ಚುಕ್ಕೆಗಳು ಹೆಚ್ಚುಕಡಿಮೆ ಮಾಯವಾಗಿದ್ದವು.

"ಕೂಡ್ಕಂಡ್ವು" ಅಂದ ಮುತ್ತಯ್ಯ, ಮುಂದಕ್ಕೆ ಬಾಗಿ. "ಯಾರು ಕೂಡ್ಸುದ್ದು?"

"ಅದನ್ನೇ ನಾವು ನೋಡ್ತಿರೋದು. ಡಿಎನ್‌ಎ-ಪಿಕೆ ಅಂತ ಒಂದು ಪ್ರೋಟೀನ್. ಕೈನೇಸ್ ಅನ್ನೋ ಜಾತಿಗೆ ಸೇರಿದ್ದು. ಎಳೆ ತುಂಡಾದ ಕೂಡ್ಲೇ ಓಗಿ ತುದಿ ಇಡ್ಕಳ್ತದೆ. ಸುತ್ತ ಇರೋ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸ್ತದೆ, ಅದು ಅಂಟಿದ್ರೆ ಅವು ಕೆಲ್ಸಕ್ಕೆ ಏಳ್ತವೆ. ಕೈನೇಸ್‌ಗಳು ಮಾಡೋದೇ ಅದು, ಅಂಟ್ಸಿ ಎಬ್ಬಿಸೋದು. ಎಲ್ರ ಮೈಯಲ್ಲೂ ಅದೆ, ಒಳ್ಳೇದೇ. ಆದ್ರೆ ಕ್ಯಾನ್ಸರ್ ಒಳಗೆ ಜಾಸ್ತಿ ಇದ್ರೆ ನಾವು ಕತ್ತರ್ಸಿದ್ದನ್ನೆಲ್ಲ ಅದು ಕೂಡಿಸ್ಕಂಡು ಬದ್ಕಬುಡ್ತದೆ."

ಮೂರನೆಯ ಚಿತ್ರದಲ್ಲಿ ಅದೇ ಜೀವಕೋಶಗಳಿಗೆ ಕೈನೇಸನ್ನು ತಡೆಯುವ ವಸ್ತು ಹಾಕಿ ವಿಕಿರಣ ಕೊಟ್ಟಿದ್ದರು. ಮರುದಿನವೂ ಚುಕ್ಕೆಗಳು ಹಾಗೇ ಇದ್ದವು. ನಾಲ್ಕನೆಯ ದಿನಕ್ಕೆ ಉಂಡೆಗಳೇ ಒಡೆದು ಹೋಗಿದ್ದವು. ಮುತ್ತಯ್ಯ ಅದನ್ನು ಬಹಳ ಹೊತ್ತು ನೋಡಿದ.

ಆಮೇಲೆ ಅವನದೇ ಚೂರು. 2019ರದೂ 2023ರದೂ ಪಕ್ಕಪಕ್ಕದಲ್ಲಿ. ಕೈನೇಸ್ ಇದ್ದ ಕಡೆ ಕಂದು ಬಣ್ಣ ಹಿಡಿಯುವಂತೆ ಮಾಡಿದ್ದರು. ಮೊದಲನೆಯದು ತಿಳಿ ಕಾಫಿಯಂತಿತ್ತು, ಎರಡನೆಯದು ಕಪ್ಪು ಬೆಲ್ಲ.

"ನನ್ನ ಮೈಲಿ ಯಾಕವ್ವ ಇಷ್ಟಾಯ್ತು?"

"ಪೂರ್ತಿ ಗೊತ್ತಿಲ್ಲ ಸಾ. ಒಂದು ಗೊತ್ತು. ಗಂಡಸ್ರ ಹಾರ್ಮೋನ್ ಇದ್ದಷ್ಟೂ ಈ ಕೈನೇಸ್ ಜಾಸ್ತಿ ತಯಾರಾಯ್ತದೆ. ಮೊದ್ಲು ಬೇರೆಯವ್ರು ಕಂಡಿದ್ದನ್ನೇ ನಾವೂ ಕಂಡ್ವಿ. ರೇಡಿಯೇಷನ್ ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ರೆ ಚೆನ್ನಾಗಿ ಕೆಲ್ಸ ಮಾಡದಕ್ಕೆ ಇದೂ ಒಂದು ಕಾರಣ. ರಿಪೇರಿ ಶಕ್ತಿ ಕುಗ್ಗಿರ್ತದೆ, ಆಗ ಕತ್ತರ್ಸಿದ್ರೆ..."

ಸಿಂಧು ಮಾತು ನಿಲ್ಲಿಸಿದಳು. ಮುತ್ತಯ್ಯ ಪರದೆಯಿಂದ ಕಣ್ಣು ತೆಗೆದು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಡಾಕ್ಟ್ರು ಕೊಡ್ತೀನಿ ಅಂದ್ರು ಕಣವ್ವ. ಎರಡು ಸಲ ಯೋಳುದ್ರು. ನಾನೇ ಬ್ಯಾಡ ಅಂದೆ. ಆ ಸೂಜಿ ತಕಂಡ್ರೆ ಗಂಡಸ್ತನ ಓಯ್ತದೆ, ಎಂಗಸ್ರಂಗೆ ಎದೆ ಬತ್ತದೆ ಅಂತ ಎದುರ್ಕಂಡು ಬ್ಯಾಡ ಅಂದೆ. ಮನೇಲಿ ಸುಳ್ಳು ಯೋಳ್ದೆ. ಇವನ್ಗೂ ಸುಳ್ಳು ಯೋಳ್ದೆ."

ನನ್ನ ಕಡೆ ತಿರುಗಲಿಲ್ಲ. "ಅಂದ್ರೆ ನಾನೇ ಬದುಕ್ಸುದ್ನಾ ಅದನ್ನ?"

ಆ ಹುಡುಗಿಗೆ ಇಲ್ಲ ಎಂದುಬಿಡುವುದು ಸುಲಭವಿತ್ತು. ಅವಳು ಹಾಗೆ ಮಾಡಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು: "ನಿಮ್ಮೊಬ್ಬರ ವಿಷ್ಯದಲ್ಲಿ ನಂಗೆ ಗೊತ್ತಾಗಲ್ಲ ಸಾ, ಯಾರ್ಗೂ ಗೊತ್ತಾಗಲ್ಲ. ನಾವು ನೋಡಿದ ನಲವತ್ತೊಂದು ಜನದಲ್ಲಿ ಹನ್ನೊಂದು ಜನಕ್ಕೆ ಇಂಜೆಕ್ಷನ್ ತಕಂಡೂ ಕಾಯ್ಲೆ ಮರಳಿದೆ. ಕೈನೇಸ್ ಜಾಸ್ತಿ ಇಲ್ದೋರ್ಗೂ ಮರಳಿದೆ. ಆದ್ರೆ ತಕಂಡಿದ್ರೆ ನಿಮ್ಗೆ ಹೆಚ್ಚು ಅವಕಾಶ ಇತ್ತು. ಅದನ್ನ ಇಲ್ಲ ಅನ್ನಕ್ಕಾಗಲ್ಲ."

"ಆ ತಡೆಯೋ ಔಷ್ದಿ, ನಂಗೆ ಸಿಕ್ತದಾ?"

"ಇಲ್ಲ. ಅಂಥವು ಇನ್ನೂ ಪರೀಕ್ಷೆಲಿ ಇವೆ. ಇವತ್ತು ನಿಮ್ಮ ಕೈಗೆ ಕೊಡೋ ಅಂಥದ್ದು ನನ್ನತ್ರ ಏನೂ ಇಲ್ಲ ಸಾ."

"ಆಯ್ತು ಕಣವ್ವ. ಇದ್ದುದ್ದು ಇದ್ದಂಗೆ ಯೋಳ್ದಲ್ಲ" ಎಂದು ಎದ್ದ. ಬಾಗಿಲ ಬಳಿ ತಿರುಗಿ ಆ ಪ್ರೋಟೀನಿನ ಹೆಸರನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿದ. ಅವಳು ಚೀಟಿಯಲ್ಲಿ ಬರೆದುಕೊಟ್ಟಳು.

ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದೆವು. ಅವನು ನನಗೂ ಸುಳ್ಳು ಹೇಳಿದ್ದರ ಸಿಟ್ಟು ನನ್ನೊಳಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಟೀ ಲೋಟ ಹಿಡಿದು ನಿಂತಾಗ ಅವನೇ ಬಾಯಿ ತೆಗೆದ.

"ಇನ್ನೊಂದದೆ ಶಿವಶಂಕ್ರ. ಒಡೆಯರಪಾಳ್ಯದ ಪುಟ್ಟಮಾದಯ್ಯಂಗೂ ಇದೇ ಕಾಯ್ಲೆ. ಓದ್ ತಿಂಗ್ಳು ಗೊತ್ತಾಯ್ತು. ಸೂಜಿ ತಕಳ್ಳಾ ಬ್ಯಾಡ್ವಾ ಅಂತ ನನ್ನ ಕೇಳ್ದ. ನಾನು ತಕಳ್ದೆ ಮೂರು ವರ್ಸ ಎಂಗಿದ್ದೆ ನೋಡು ಅಂತ ಎದೆ ತಟ್ಕಂಡು ಯೋಳಿವ್ನಿ. ಅವ್ನು ಬ್ಯಾಡ ಅಂದ್ಬುಟ್ಟವ್ನೆ. ಇನ್ನ ಎಂಟು ದಿನಕ್ಕೆ ಅವನ ಕರೆಂಟು ಸುರು."

ಪುಟ್ಟಮಾದಯ್ಯ ಅವನ ಜೊತೆ ಇಪ್ಪತ್ತು ವರ್ಷ ಕಂಬ ಹತ್ತಿದವನು. ಮುತ್ತಯ್ಯ ಟೀ ಮುಗಿಸಿ ಲೋಟ ಇಟ್ಟ. "ಮೊದ್ಲು ಮನೇಲಿ ಯೋಳ್ತೀನಿ. ಆಮ್ಯಾಕೆ ಅಲ್ಲಿಗೋಯ್ತೀನಿ" ಅಂದ.

ಮನೆಯಲ್ಲಿ ಹೇಳಿದ. ಚಿಕ್ಕಬಸಮ್ಮ ಕೂಗಾಡಲಿಲ್ಲ, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮುದ್ದೆ ಬಡಿಸುತ್ತಾ, "ಇನ್ಮ್ಯಾಕೆ ಡಾಕ್ಟ್ರ ರೂಮಿಗೆ ನಾನೂ ಬತ್ತೀನಿ. ಆಚೆ ಕೂರಕಿಲ್ಲ" ಅಂದಳಂತೆ. ಅಂದಿನಿಂದ ಹಾಗೇ ನಡೆದುಕೊಂಡಿದ್ದಾಳೆ.

ಆ ಎರಡು ದಿನವೂ ಮುತ್ತಯ್ಯ ಒಡೆಯರಪಾಳ್ಯಕ್ಕೆ ಹೋಗಿ ಬಂದಿದ್ದ. ಪುಟ್ಟಮಾದಯ್ಯನ ಹೊಲ ಅಲ್ಲಿ ನೆಲೆಸಿರುವ ಟಿಬೆಟಿನವರ ಜೋಳದ ಹೊಲಗಳಿಗೆ ಅಂಟಿಕೊಂಡೇ ಇದೆ. ಮೊದಲ ದಿನ ಅವನು ಕುಡುಗೋಲು ಕೆಳಗಿಡದೆಯೇ ಮಾತಾಡಿದನಂತೆ.

"ಆವತ್ತೊಂದು ಯೋಳ್ದೆ, ಇವತ್ತೊಂದು ಯೋಳ್ತೀಯ. ಯಾವುದ್ಲಾ ನಂಬ್ಲಿ?"

"ಇವತ್ತಿಂದ ನಂಬ್ಲಾ. ಆವತ್ತು ನಂಗೆ ಕಾರಣ ಗೊತ್ತಿರ್ನಿಲ್ಲ, ಇವತ್ತು ಗೊತ್ತದೆ."

ಮುತ್ತಯ್ಯ ಚೀಟಿ ತೆಗೆದು ಅದರಲ್ಲಿದ್ದ ಹೆಸರು ಓದಿದ. ಸೂಜಿಯಿಂದ ತನಗೇನಾಯಿತು ಎಂಬುದನ್ನೂ ಬಚ್ಚಿಡಲಿಲ್ಲ. ಮೈ ಇದ್ದಕ್ಕಿದ್ದಂತೆ ಕುದಿಯುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಸುಸ್ತು, ಆಸೆ ಕಡಿಮೆ. ಎದೆ ಸ್ವಲ್ಪ ನೋಯುತ್ತದೆ. ನಡೆದಷ್ಟೂ ಸುಸ್ತು ಕಡಿಮೆ, ಅದಕ್ಕೇ ದಿನಾ ಹೊಲದ ಸುತ್ತ ನಡೆಯುತ್ತೇನೆ ಅಂದ. ನಿನಗೆ ಕೊಡುವುದು ಆರು ತಿಂಗಳು ಮಾತ್ರ, ಆಮೇಲೆ ಬಹಳ ಮಟ್ಟಿಗೆ ಸರಿಹೋಗುತ್ತದೆ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು ಹೇಳಿದ. ಪುಟ್ಟಮಾದಯ್ಯ ಎರಡನೆಯ ದಿನವೂ ಒಪ್ಪಲಿಲ್ಲ.

ನಾಲ್ಕನೆಯ ದಿನ ಚಿಕ್ಕಬಸಮ್ಮ ತಾನೂ ಬಸ್ಸು ಹತ್ತಿದಳು. ಪುಟ್ಟಮಾದಯ್ಯನ ಹೆಂಡತಿ ಚೆಲುವಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಡಸರಿಬ್ಬರ ಎದುರಿಗೇ ಹೇಳಿದಳು:

"ಅಣ್ಣ, ಒಂದೂವರೆ ವರ್ಸದಿಂದ ಇವ್ರು ಸೂಜಿ ತಕತಾವ್ರೆ. ನನ್ ಗಂಡ ನಂಗೆ ಗಂಡನೇ ಆಗವ್ರೆ. ಮೊದ್ಲೇ ನನ್ನ ಒಂದ್ಮಾತು ಕೇಳಿದ್ರೆ ಇದನ್ನೇ ಯೋಳ್ತಿದ್ದೆ. ನೀನಾದ್ರೂ ಚೆಲುವಮ್ಮನ್ನ ಕೇಳು. ನಮ್ಮನ್ನ ಕೇಳ್ದೆ ನಮ್ಮ ಬಗ್ಗೆ ನೀವೇ ಎದುರ್ಕಬ್ಯಾಡಿ."

ಚೆಲುವಮ್ಮ ಗಂಡನ ಕಡೆ ನೋಡಿ, "ತಕಳಿ" ಎಂದಳು. ಅಷ್ಟೇ. ಮರುದಿನ ಮೈಸೂರಿಗೆ ಹೋದರು. ಪ್ರಭುಸ್ವಾಮಿ ವಿಕಿರಣವನ್ನು ಎರಡು ತಿಂಗಳು ಮುಂದೂಡಿ ಮೊದಲು ಇಂಜೆಕ್ಷನ್ ಶುರುಮಾಡಿದರು. ಪುಟ್ಟಮಾದಯ್ಯನ ಚಿಕಿತ್ಸೆ ಮುಗಿದು ಈಗ ವರ್ಷದ ಮೇಲಾಯಿತು, ಸಂಖ್ಯೆ ಕೆಳಗೇ ಇದೆ. ಮುಂದೆಯೂ ಹಾಗೇ ಇರುತ್ತದೆಂದು ಯಾರೂ ಭಾಷೆ ಕೊಟ್ಟಿಲ್ಲ.

ಮುತ್ತಯ್ಯ ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಂತೆಯ ದಿನ ನನ್ನ ಅಂಗಡಿಯ ಜಗಲಿಯ ಮೇಲೆ ಕೂತು, ವಯಸ್ಸಾದ ಗಂಡಸರನ್ನು ಹೆಸರು ಹಿಡಿದು ಕರೆಯುತ್ತಾನೆ. ಉಚ್ಚೆ ಸರಿಯಾಗಿ ಹೋಗುತ್ತದೆಯೇ ಎಂದು ರಸ್ತೆಯಲ್ಲೇ ಕೇಳುತ್ತಾನೆ. ಕೆಲವರು ಬೈದರು. ಹನೂರಿನ ಒಬ್ಬ ಮೇಷ್ಟ್ರು ಮುಖ ತಿರುಗಿಸಿಕೊಂಡು ಹೋಗಿ, ಮಾರನೆಯ ವಾರ ಗುಟ್ಟಾಗಿ ಬಂದು ಯಾವ ಪರೀಕ್ಷೆ ಎಂದು ಬರೆಸಿಕೊಂಡರು. ಚಿಕ್ಕ ವಯಸ್ಸಿನವರು ಅವನಿಗೆ ಸೂಜಿ ಮುತ್ತಯ್ಯ ಎಂದು ಹೆಸರಿಟ್ಟಿದ್ದಾರೆ. "ಇಡ್ಲಿ ಬುಡು, ಎಸ್ರು ನೆಪ್ಪಿರ್ತದೆ" ಅನ್ನುತ್ತಾನೆ. ಇದುವರೆಗೆ ಹದಿನಾಲ್ಕು ಜನ ಪರೀಕ್ಷೆ ಮಾಡಿಸಿದ್ದಾರೆ. ಹೆಚ್ಚಿನವರಿಗೆ ವಯಸ್ಸಿಗೆ ಊದಿಕೊಂಡ ಗ್ರಂಥಿ, ಅಷ್ಟೇ. ಒಬ್ಬರಿಗೆ ಕ್ಯಾನ್ಸರ್ ಸಿಕ್ಕಿತು, ಬಹಳ ಮುಂಚೆಯೇ ಸಿಕ್ಕಿತು.

ಮುತ್ತಯ್ಯನ ಸಂಖ್ಯೆ ಮಾತ್ರ ಈ ಬೇಸಿಗೆಯಲ್ಲಿ ಮತ್ತೆ ಅಲುಗಾಡಿದೆ. ಸೊನ್ನೆ ಪಾಯಿಂಟ್ ಮೂರಿದ್ದದ್ದು ಒಂದು ಪಾಯಿಂಟ್ ಒಂದಾಗಿದೆ. ಸೂಜಿಗೂ ಅದು ನಿಧಾನವಾಗಿ ಒಗ್ಗಿಕೊಳ್ಳುತ್ತಿರಬಹುದು ಎಂದರು ಡಾಕ್ಟರು. ದಿನಾ ನುಂಗುವ ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ಆ ದಿನ ಒಳಗೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಆ ಮಾತ್ರೆ ಏನು ಮಾಡುತ್ತದೆ, ಯಾಕೆ ಮಾಡುತ್ತದೆ, ಅದೂ ಸೋತರೆ ಮುಂದೇನು ಎಂದು ಅವನು ಒಂದೊಂದಾಗಿ ಕೇಳಿದ. ಚಿಕ್ಕಬಸಮ್ಮ ತನ್ನ ಪ್ರಶ್ನೆಗಳನ್ನೂ ಕೇಳಿದಳು. ಡಾಕ್ಟರು ಮುಕ್ಕಾಲು ಗಂಟೆ ಉತ್ತರ ಕೊಟ್ಟರಂತೆ.

ಅಲ್ಲಿಂದ ಬಂದ ಸಂಜೆ ಸಿಂಧುವಿಗೆ ಫೋನು ಮಾಡಿಸಿದ. ನಾನೇ ನಂಬರು ಒತ್ತಿಕೊಟ್ಟೆ.

"ಏನವ್ವ, ನಿಂಗೆ ಇನ್ನೊಂದು ಚೂರು ಬೇಕಾ? ಈಗ ಎಂಗಾಗದೆ ಅಂತ ನೋಡ್ಬೌದು."

ಚೂರು ಬೇಡ, ಈ ಸಲ ರಕ್ತ ಸಾಕು ಎಂದಳು ಅವಳು. ಬರುವ ಬುಧವಾರ ಹೋಗುತ್ತಿದ್ದಾನೆ. ಅಷ್ಟರೊಳಗೆ ಅವರೆ ಬಿತ್ತನೆ ಮುಗಿಸಬೇಕೆಂದು ಇವತ್ತು ಬೆಳಗಿನಿಂದ ಹೊಲದಲ್ಲಿದ್ದಾನೆ. ಮಾತ್ರೆಯ ಡಬ್ಬಿ ಇನ್ನೂ ನನ್ನ ಕೌಂಟರಿನಲ್ಲೇ ಇದೆ. ಕೊಂಡುಹೋಗಲು ಚಿಕ್ಕಬಸಮ್ಮ ಬರುತ್ತಾಳೆ.